ಕೊಕ್ಕೆಯಿಂದ ಇಳಿದ ಕೆಂಪು ಸೈಕಲ್

ಸೈಕಲ್ ಶಾಪಿನ ತಾತ ಅಂಗಡಿ ಮುಚ್ಚುತ್ತಾನೆಂಬ ಸುದ್ದಿ ಅಕ್ಕನ ಕಿವಿಗೆ ಬಿದ್ದದ್ದು ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ. ವಾರ್ಡುಗಳಿಂದ ಬಂದ ಹಾಸು-ಹೊದಿಕೆಗಳನ್ನು ಯಂತ್ರಕ್ಕೆ ತುಂಬುವುದು, ತೆಗೆಯುವುದು, ಒಣಗಿಸಿ ಮಡಿಸುವುದು ಅವಳ ಕೆಲಸ. ಉದ್ದನೆಯ ಬೆಡ್‌ಶೀಟೊಂದರ ಆ ತುದಿ ಹಿಡಿದಿದ್ದ ಜೊತೆಯವಳು, ಈ ತುದಿಗೆ ನಡೆದು ಬರುತ್ತ ಬರುತ್ತಲೇ ಹೇಳಿದಳು.

"ಅಕ್ಕಾ, ಸೈಕಲ್ ಶಾಪ್ ತಾತ ಅಂಗಡಿ ಮುಚ್ತಾನಂತೆ, ಆ ಕೆಂಪು ಸೈಕಲ್ ಕೊನೆಗೂ ಕೆಳಗಿಳೀತಂತೆ. ಈ ಸಲ ಊರಹಬ್ಬದಲ್ಲಿ ಹೆಂಗಸರಿಗೆ ಸ್ಲೋ ಸೈಕಲ್ ರೇಸ್ ಇಟ್ಟಿದಾರೆ. ಗೆದ್ದೋರಿಗೆ ಅದೇ ಬಹುಮಾನ."

ಅಕ್ಕನ ಕೈಯಿಂದ ಬೆಡ್‌ಶೀಟು ಜಾರಿತು.

ಆಸ್ಪತ್ರೆಯಲ್ಲೂ ಬೀದಿಯಲ್ಲೂ ಎಲ್ಲರಿಗೂ ಅವಳು ಅಕ್ಕನೇ. ಹುಟ್ಟಿನಿಂದ ಹಾಗೆ ಕರೆಯಬೇಕಾದವಳು ಒಬ್ಬಳು ಮಾತ್ರ ಹಲವು ವರ್ಷಗಳಿಂದ ಕರೆದಿರಲಿಲ್ಲ.

ಆ ಸೈಕಲ್ಲು ಊರಿನ ಒಂದು ಇಡೀ ತಲೆಮಾರಿನ ಮಕ್ಕಳನ್ನು ಗೋಳು ಹೊಯ್ದುಕೊಂಡಿತ್ತು. ಹತ್ತು ಹನ್ನೆರಡರ ಹುಡುಗಿಯರು ತುಳಿಯುವಂಥ ಪುಟ್ಟ ಸೈಕಲ್. ಹ್ಯಾಂಡಲ್ಲಿಗೆ ಬಿಳಿ ರಬ್ಬರಿನ ಹಿಡಿ, ಮುಂದೊಂದು ತಂತಿಯ ಬುಟ್ಟಿ. ಅದನ್ನು ತಾತ ಅಂಗಡಿಯ ಸೂರಿನ ಕೊಕ್ಕೆಗೆ ನೇತುಹಾಕಿದ್ದ. ಎಷ್ಟಕ್ಕೆ ಕೇಳಿದರೂ ಒಂದೇ ಉತ್ತರ: "ಅದು ಮಾರೋದಕ್ಕಲ್ಲ." ಶಾಲೆ ಬಿಟ್ಟ ಮೇಲೆ ಅಕ್ಕ ತಂಗಿ ಇಬ್ಬರೂ ಅಂಗಡಿಯ ಎದುರು ನಿಂತು ಕತ್ತು ನೋಯುವವರೆಗೆ ಅದನ್ನು ನೋಡುತ್ತಿದ್ದರು. ತಂಗಿ ಪುಟ್ಟಿಯಂತೂ ಒಮ್ಮೆ ಜ್ವರದಲ್ಲಿ ಬಡಬಡಿಸುವಾಗ ಅಮ್ಮನನ್ನಲ್ಲ, ಸೈಕಲ್ಲನ್ನು ಕರೆದಿದ್ದಳು. ಅಮ್ಮ ಆ ಮಾತನ್ನು ಸಾಯುವವರೆಗೂ ಹೇಳಿ ಹೇಳಿ ನಗುತ್ತಿದ್ದಳು.

ಅಪ್ಪನ ಎತ್ತರದ ಸೈಕಲ್ಲಿನ ಅಡ್ಡಪಟ್ಟಿಯ ಕೆಳಗೆ ಒಳಗಾಲು ಹಾಕಿ ಅಕ್ಕ ಮೊದಲು ಕಲಿತಳು. ಆಮೇಲೆ ಪುಟ್ಟಿಗೆ ಕಲಿಸಿದಳು. ಸೀಟು ಹಿಡಿದು ಹಿಂದೆ ಹಿಂದೆ ಓಡಿದವಳು, ಅವಳು ಬಿದ್ದಾಗ ಮೊಣಕಾಲಿಗೆ ಎಂಜಲು ಹಚ್ಚಿದವಳು, ಅಮ್ಮನಿಗೆ ಸುಳ್ಳು ಹೇಳಿದವಳು ಎಲ್ಲ ಅಕ್ಕನೇ. ಇಬ್ಬರದೂ ಒಂದೇ ಜೀವ, ಎರಡು ಜಡೆ ಎಂದು ಅಕ್ಕಪಕ್ಕದವರು ಆಡಿಕೊಳ್ಳುತ್ತಿದ್ದರು.

ಮುಂದೆ ಪುಟ್ಟಿ ಅಂಚೆ ಇಲಾಖೆಗೆ ಸೇರಿ, ಮದುವೆಯಾಗಿ ದೂರದ ಊರಿಗೆ ಹೋದಳು. ಬಹಳ ವರ್ಷ ಮಕ್ಕಳಾಗಲಿಲ್ಲ. ಕೊನೆಗೆ ಬಸಿರು ನಿಂತಾಗ ಡಾಕ್ಟರು ಹಾಸಿಗೆ ಬಿಟ್ಟು ಏಳಕೂಡದು ಎಂದರು. ಅದೇ ಹೊತ್ತಿಗೆ ಇಲ್ಲಿ ಅಮ್ಮ ನೆಲ ಹಿಡಿದಳು. "ಪುಟ್ಟಿಗೆ ಹೇಳ್ಬೇಡ ಕಣೇ. ಕೇಳಿದ ತಕ್ಷಣ ಬಸ್ ಹತ್ತಿ ಬರ್ತಾಳೆ. ಹೊಟ್ಟೇಲಿರೋದಕ್ಕೆ ಏನಾದ್ರೂ ಆದ್ರೆ ನಾನು ಸತ್ರೂ ನೆಮ್ಮದಿಯಿಲ್ಲ" ಎಂದು ಅಕ್ಕನ ಕೈ ಹಿಡಿದು ಮಾತು ತೆಗೆದುಕೊಂಡಳು. ಅಕ್ಕ ಮಾತು ಉಳಿಸಿಕೊಂಡಳು. ಎಲ್ಲ ಮುಗಿದ ಮೇಲೆ ಸುದ್ದಿ ಮುಟ್ಟಿಸಿದಳು. ಅದಾಗಿ ತಿಂಗಳೊಳಗೆ, ಯಾವ ಮಗುವಿಗಾಗಿ ಬಾಯಿ ಮುಚ್ಚಿಕೊಂಡಿದ್ದಳೋ ಆ ಮಗುವೂ ಉಳಿಯಲಿಲ್ಲ.

ಆಮೇಲೆ ಊರಿಗೆ ಬಂದಾಗ ಪುಟ್ಟಿ ಜಗಳವಾಡಲಿಲ್ಲ, ಅಳಲೂ ಇಲ್ಲ. ಅಮ್ಮ ಮಲಗುತ್ತಿದ್ದ ಮಂಚದ ಮೇಲೆ ಸ್ವಲ್ಪ ಹೊತ್ತು ಕೂತಿದ್ದು ಎದ್ದು ಹೋದಳು. ಗಂಡನಿಗೆ ಈ ಊರಿಗೇ ವರ್ಗವಾಗಿ, ಎರಡು ಬೀದಿಯಾಚೆ ಮನೆ ಮಾಡಿದ ಮೇಲೂ ಅಕ್ಕನ ಹೊಸ್ತಿಲು ತುಳಿಯಲಿಲ್ಲ. ಎದುರಿಗೆ ಸಿಕ್ಕರೆ ದೀಪದ ಕಂಬ ನೋಡಿದ ಹಾಗೆ ನೋಡಿ ಹೋಗುತ್ತಿದ್ದಳು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು ಎಂದು ಅಕ್ಕನಿಗೆ ಅನ್ನಿಸುತ್ತಿತ್ತು.

ಅದಕ್ಕೇ ಈ ಸುದ್ದಿ ಕೇಳಿದ್ದೇ ಅವಳ ತಲೆಯೊಳಗೆ ಒಂದು ಯೋಚನೆ ಹೊಕ್ಕಿತು. ಹೊಕ್ಕಿದ್ದು ಅಲ್ಲೇ ಬೇರು ಬಿಟ್ಟಿತು. ಸೈಕಲ್ ಗೆಲ್ಲಬೇಕು. ಗೆದ್ದು ಪುಟ್ಟಿಯ ಮುಂದೆ ನಿಲ್ಲಿಸಿ, "ತಗೋ, ನಿಂದು" ಎನ್ನಬೇಕು. ಕಲ್ಲೂ ಕರಗುವ ಕಾಲ ಒಂದು ಬರುತ್ತದೆ, ಇದೇ ಇರಬಹುದು.

ಗಂಡ, ವಯರಿಂಗ್ ಕೆಲಸದವನು, ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕ. "ಹಲ್ಲು ಬೀಳೋ ವಯಸ್ಸಲ್ಲಿ ಹಾಲುಹಲ್ಲಿನ ಆಸೆ! ಬಿದ್ದು ಸೊಂಟ ಮುರ್ಕೊಂಡ್ರೆ ನಿಮ್ಮ ಆಸ್ಪತ್ರೆ ಬೆಡ್‌ಶೀಟೇ ನಿಂಗೆ ಹಾಸ್ತಾರೆ ನೋಡು."

"ನಂಗಲ್ಲ ಅದು. ಪುಟ್ಟಿಗೆ."

ಅವನ ನಗು ನಿಂತಿತು. ಆಮೇಲೆ ತನ್ನ ಸೈಕಲ್ಲಿನ ಸೀಟನ್ನು ಅವಳ ಅಳತೆಗೆ ಇಳಿಸಿಕೊಟ್ಟ.

ಊಟದ ಬಿಡುವಿನಲ್ಲಿ ಆಸ್ಪತ್ರೆಯ ಹಿಂದೆ, ಬಟ್ಟೆ ಒಣಹಾಕುವ ತಂತಿಗಳ ನಡುವೆ ಅಕ್ಕ ಅಭ್ಯಾಸ ಮಾಡಿದಳು. ಜೋರಾಗಿ ತುಳಿಯುವುದು ಯಾರಿಗೂ ಬರುತ್ತದೆ. ಬೀಳದೆ ನಿಧಾನವಾಗಿ ಹೋಗುವುದೇ ಕಷ್ಟ. ತೊಡೆ ನಡುಗುತ್ತಿತ್ತು, ಬೆನ್ನಿಗೆ ಬೆವರು ಇಳಿಯುತ್ತಿತ್ತು, ಒದ್ದೆ ಹೊದಿಕೆಗಳಿಗೆ ಡಿಕ್ಕಿ ಹೊಡೆದು ಜೊತೆಯವರ ಕೈಲಿ ಬೈಸಿಕೊಂಡಳು. ಬರುಬರುತ್ತಾ ಬ್ರೇಕನ್ನು ಅರೆಬರೆ ಹಿಡಿದು ಸೈಕಲ್ಲನ್ನು ಒಂದೇ ಕಡೆ ನಿಲ್ಲಿಸಿಕೊಳ್ಳುವುದು ಕೈಗೆ ಹತ್ತಿತು.

ಹಬ್ಬದ ದಿನ ಶಾಲೆಯ ಮೈದಾನದಲ್ಲಿ ಕಾಲಿಡಲು ಜಾಗವಿರಲಿಲ್ಲ. ಸುಣ್ಣದ ಪುಡಿಯಲ್ಲಿ ಸಾಲು ಸಾಲು ಗೆರೆ ಎಳೆದಿದ್ದರು. ಕೆಂಪು ಸೈಕಲ್ಲನ್ನು ಒರೆಸಿ, ಎಣ್ಣೆ ಹಾಕಿ, ಮೇಜಿನ ಮೇಲೆ ನಿಲ್ಲಿಸಿದ್ದರು. ಪಕ್ಕದ ಕುರ್ಚಿಯಲ್ಲಿ ತಾತ ಕೂತಿದ್ದ. ಯಾರೋ "ಇಷ್ಟು ವರ್ಷ ಯಾಕೆ ಮಾರ್ಲಿಲ್ಲ ತಾತ?" ಎಂದು ಕೇಳಿದ್ದಕ್ಕೆ, "ಒಂದು ಮಗೂಗೆ ಕೊಟ್ರೆ ನೂರು ಮಕ್ಕಳು ಅಳ್ತಿದ್ವು. ಈಗ ಅಳೋ ಮಕ್ಕಳು ಯಾರಿದಾರೆ" ಎಂದ.

ಅಕ್ಕ ತನ್ನ ಸಾಲಿಗೆ ಬಂದು ನಿಂತಾಗ ಪಕ್ಕದ ಸಾಲಿನಲ್ಲಿ ಅಂಚೆಯವರ ಸೈಕಲ್ ಹಿಡಿದು ಪುಟ್ಟಿ ನಿಂತಿದ್ದಳು.

ಇದನ್ನು ಅಕ್ಕ ಯೋಚಿಸಿಯೇ ಇರಲಿಲ್ಲ. ಯೋಚಿಸಬೇಕಿತ್ತು. ಪುಟ್ಟಿ ಅವಳತ್ತ ತಿರುಗಿದಳು. ಎಷ್ಟೋ ವರ್ಷಗಳ ಮೇಲೆ ಬಾಯಿಬಿಟ್ಟಳು.

"ಇದಕ್ಕೂ ಬಂದ್ಯಾ?"

ಅಷ್ಟೇ. 'ನಿನಗೋಸ್ಕರಾನೇ ಕಣೇ' ಎಂದು ಅಕ್ಕ ಅನ್ನುವಷ್ಟರಲ್ಲಿ ಸೀಟಿ ಊದಿದರು.

ಮೊದಲ ಹತ್ತಡಿಯಲ್ಲೇ ಅರ್ಧ ಜನ ಕಾಲು ಊರಿದರು. ದಪ್ಪನೆಯ ಟೀಚರಮ್ಮ ಒಬ್ಬರು ಪಕ್ಕದವಳ ಮೇಲೆ ಒರಗಿ ಇಬ್ಬರೂ ಉರುಳಿದಾಗ ಮೈದಾನವೆಲ್ಲ ಗೊಳ್ಳೆಂದಿತು. ಕಾಲೇಜು ಹುಡುಗಿಯರು ನಗುತ್ತ ನಗುತ್ತಲೇ ಔಟಾದರು. ಉಳಿದವರು ಬೇಗ ಬೇಗ ಗೆರೆ ದಾಟಿ ಸೋತರು. ಕೊನೆಗೆ ಮೈದಾನದ ನಡುವೆ ಉಳಿದದ್ದು ಎರಡೇ ಸೈಕಲ್. ಯಾರೋ ಕೂಗಿದರು: "ಅಕ್ಕ-ತಂಗೀರು ಕಣ್ರೋ ಅವರು!"

ಅಕ್ಕ ಮುಂದಿದ್ದಳು, ಅಂದರೆ ಸೋಲುತ್ತಿದ್ದಳು. ಪುಟ್ಟಿ ಒಂದು ಮಾರು ಹಿಂದೆ, ಸೈಕಲ್ಲನ್ನು ನೆಲಕ್ಕೆ ನೆಟ್ಟಂತೆ ನಿಲ್ಲಿಸಿಕೊಂಡು ಉಗುರಷ್ಟು ಉಗುರಷ್ಟು ಸರಿಯುತ್ತಿದ್ದಳು. ಕಾಗದ ಹಂಚುತ್ತ ದಿನವಿಡೀ ಸೈಕಲ್ ಮೇಲೆ ಊರು ಸುತ್ತುವವಳು. ಅವಳ ಮುಂದೆ ಅಕ್ಕನ ಅಭ್ಯಾಸವೆಲ್ಲ ಯಾವ ಲೆಕ್ಕ? ಆಗ ಅಕ್ಕನ ಮನಸ್ಸು ಹಗುರಾಯಿತು. ಗೆಲ್ಲಲಿ ಬಿಡು. ನಾನು ಕೊಟ್ಟರೇನು, ಅವಳೇ ಗೆದ್ದರೇನು, ಸೈಕಲ್ ಸೇರಬೇಕಾದವಳನ್ನೇ ಸೇರುತ್ತದಲ್ಲ. ಕತ್ತು ಹೊರಳಿಸಿ ನೋಡಿದಳು. ಪುಟ್ಟಿ ತುಟಿ ಕಚ್ಚಿ, ಮುಂದಿನ ಚಕ್ರವನ್ನೇ ದಿಟ್ಟಿಸುತ್ತಿದ್ದಳು. ಒಂಬತ್ತು ವರ್ಷದವಳಿದ್ದಾಗಿನ ಅದೇ ಮುಖ, ಅದೇ ತಪ್ಪು. ಸೈಕಲ್ಲು ಒಂಚೂರು ಎಡಕ್ಕೆ ವಾಲಿತು.

ಅಕ್ಕನ ಬಾಯಿಂದ ಮಾತು ತಾನಾಗಿ ಹೊರಬಿತ್ತು. "ಚಕ್ರ ನೋಡ್ಬೇಡ ಪುಟ್ಟೀ, ಮುಂದೆ ನೋಡು. ನಾನು ಹಿಡ್ಕೊಂಡಿದೀನಿ."

ಪುಟ್ಟಿ ತಲೆಯೆತ್ತಿದಳು. ಅವಳ ಮುಖದಲ್ಲಿ ಆ ಕ್ಷಣ ಏನೋ ಒಡೆದಂತಾಯಿತು. ಮರುಕ್ಷಣ ಹ್ಯಾಂಡಲ್ ತಿರುಚಿಕೊಂಡು, ಸೈಕಲ್ ಸಮೇತ ಮೊಣಕಾಲ ಮೇಲೆ ಬಿದ್ದಳು.

ಚಪ್ಪಾಳೆಯೋ ಚಪ್ಪಾಳೆ. ಅಕ್ಕ ಸೈಕಲ್ ಬಿಸಾಡಿ ಓಡಿದಳು. ಎತ್ತಲು ಚಾಚಿದ ಕೈಯನ್ನು ಪುಟ್ಟಿ ಹಿಡಿಯಲಿಲ್ಲ. ತಾನೇ ಎದ್ದು, ಚೂಡಿದಾರದ ಧೂಳು ಕೊಡವಿಕೊಂಡಳು. ಮೊಣಕಾಲಿನ ಹತ್ತಿರ ಬಟ್ಟೆ ರಕ್ತದಲ್ಲಿ ಒದ್ದೆಯಾಗಿತ್ತು.

"ಒಳ್ಳೆ ಉಪಾಯ," ಎಂದಳು.

"ಉಪಾಯ ಅಲ್ಲ ಕಣೇ. ನೀನು ವಾಲ್ತಿದ್ದೆ, ಅದಕ್ಕೆ..."

ಅಷ್ಟರಲ್ಲಿ ಹಬ್ಬದ ಸಮಿತಿಯವರು ಅಕ್ಕನ ಕೈ ಹಿಡಿದು ಎಳೆದುಕೊಂಡು ಹೋದರು. ಹಾರ ಹಾಕಿದರು, ಫೋಟೋ ತೆಗೆದರು. ತಾತ ಕೆಂಪು ಸೈಕಲ್ಲಿನ ಹ್ಯಾಂಡಲ್ ಅವಳ ಕೈಗಿತ್ತ. ಅದು ಅವಳ ನಡುವಿನವರೆಗೂ ಬರಲಿಲ್ಲ. ಇಷ್ಟು ಚಿಕ್ಕದಾ ಇದು ಎನ್ನಿಸಿತು. ಅದನ್ನು ತಳ್ಳಿಕೊಂಡು ಜನರ ನಡುವೆ ದಾರಿ ಮಾಡಿಕೊಂಡು ನೀರಿನ ನಲ್ಲಿಯ ಹತ್ತಿರ ಬಂದಳು. ಪುಟ್ಟಿ ಅಲ್ಲಿ ಗಾಯ ತೊಳೆಯುತ್ತಿದ್ದಳು.

"ತಗೋ. ನಿನಗೆ ಅಂತಾನೇ ಗೆಲ್ಲೋಕೆ ಬಂದಿದ್ದೆ. ದೇವರಾಣೆ."

ಪುಟ್ಟಿ ಸೈಕಲ್ಲನ್ನು ನೋಡಿದಳು. ಬಿಳಿ ಹಿಡಿಯ ಮೇಲೆ ಒದ್ದೆ ಬೆರಳನ್ನು ಒಮ್ಮೆ ಇಟ್ಟಳು.

"ನನ್ನ ಮಗಳಿದ್ದಿದ್ರೆ ಇದನ್ನ ತುಳಿಯೋಕೆ ಇನ್ನೊಂದೆರಡು ವರ್ಷ," ಎಂದಳು ಪುಟ್ಟಿ. "ಸೈಕಲ್ ಕೊಡ್ತೀಯಾ, ಸರಿ. ಅಮ್ಮನ ಮುಖ ಒಂದ್ಸಲ ತೋರಿಸ್ತೀಯಾ?"

"ಅಮ್ಮನೇ ಬೇಡ ಅಂದಿದ್ದು..."

"ಗೊತ್ತು. ಅಮ್ಮ ಎಲ್ಲಾದಕ್ಕೂ ಬೇಡ ಅಂತಿದ್ಲು. ಅಪ್ಪನ ಸೈಕಲ್ ಮುಟ್ಬೇಡಿ ಅಂತಿದ್ಲು. ಆಗ ನೀನು ಕೇಳ್ತಿದ್ದೆಯಾ? ಅವತ್ತು ಮಾತ್ರ ಕೇಳಿದೆ."

ಪುಟ್ಟಿ ನಲ್ಲಿ ನಿಲ್ಲಿಸಿ, ಕುಂಟುತ್ತ ತನ್ನ ಸೈಕಲ್ ತಳ್ಳಿಕೊಂಡು ಗೇಟಿನಾಚೆ ಹೋದಳು. ಒಮ್ಮೆಯೂ ಹಿಂದಿರುಗಿ ನೋಡಲಿಲ್ಲ.

ಆಮೇಲೆ ಅಕ್ಕ ಎಷ್ಟೋ ಸಲ ತನ್ನನ್ನೇ ಕೇಳಿಕೊಂಡಳು. ಆ ಮಾತು ಯಾಕೆ ಬಂತು? ಪ್ರೀತಿಗೋ, ಗೆಲ್ಲುವ ಆಸೆಗೋ? ಪ್ರೀತಿಗೇ ಎಂದು ಒಂದು ದಿನ ಅನ್ನಿಸಿದರೆ ಮರುದಿನ ಅನ್ನಿಸುತ್ತಿರಲಿಲ್ಲ. ಬಟ್ಟೆಯ ಯಂತ್ರದ ಗುಡುಗುಡು ಸದ್ದಿನಲ್ಲಿ ನಿಂತಾಗ ಆ ಪ್ರಶ್ನೆಯೂ ಒಳಗೇ ಸುತ್ತುತ್ತಿತ್ತು.

ಬಂದ ಭಾನುವಾರ ಗಂಡನ ಮಾತನ್ನೂ ಕೇಳದೆ ಅವಳು ಸೈಕಲ್ಲನ್ನು ಪುಟ್ಟಿಯ ಮನೆಯವರೆಗೆ ತಳ್ಳಿಕೊಂಡು ಹೋದಳು. ಬಾಗಿಲು ಹಾಕಿತ್ತು. ಗೋಡೆಗೆ ಒರಗಿಸಿ ಬಂದಳು.

ಸಂಜೆಯೊಳಗೆ ಪುಟ್ಟಿಯ ಗಂಡ ಅದನ್ನು ವಾಪಸು ತಂದ. ಒಳ್ಳೆಯ ಮನುಷ್ಯ, ಒಳಗೆ ಬಾ ಎಂದರೆ ಬರಲಿಲ್ಲ, ಬಾಗಿಲಲ್ಲೇ ನಿಂತು ಬೆವರು ಒರೆಸಿಕೊಂಡ.

"ತಪ್ಪು ತಿಳ್ಕೋಬೇಡಿ ಅಕ್ಕಾ. ಇದು ಮನೇಲಿದ್ರೆ ಅವಳು ಊಟ ಮಾಡಲ್ಲ ಅಂತಾಳೆ. ನಾನು ಮಧ್ಯ ಸಿಕ್ಕಿ ಅಡಕತ್ತರಿಗೆ ಸಿಕ್ಕ ಅಡಕೆ ಆಗಿದೀನಿ."

"ಇನ್ನು ತರಲ್ಲ ಬಿಡಪ್ಪ," ಎಂದಳು ಅಕ್ಕ. "ಅವಳ ಮೊಣಕಾಲು?"

"ಊದಿದೆ. ಬೇಡ ಅಂದ್ರೂ ಅದರಲ್ಲೇ ಸೈಕಲ್ ತುಳ್ಕೊಂಡು ಕೆಲಸಕ್ಕೆ ಹೋಗ್ತಾಳೆ."

"ಉಪ್ಪು ಹಾಕಿ ಬಿಸಿನೀರಲ್ಲಿ ಶಾಖ ಕೊಟ್ಕೋ ಅನ್ನು. ಚಿಕ್ಕಂದಿನಿಂದ್ಲೂ ಅವಳಿಗೆ ಊತ ಅದರಲ್ಲೇ ಇಳಿಯೋದು."

ಅವನು ತಲೆ ತಗ್ಗಿಸಿದ. ಮೆಟ್ಟಿಲಿಳಿದು ಚಪ್ಪಲಿ ಮೆಟ್ಟಿಕೊಂಡ ಮೇಲೆ ಹೇಳಿದ: "ಹೇಳ್ತೀನಿ ಅಕ್ಕಾ. ಆದ್ರೆ ನೀವು ಹೇಳಿದ್ದು ಅಂತ ಹೇಳಲ್ಲ."

"ಬೇಡ, ಹೇಳ್ಬೇಡ," ಎಂದಳು ಅಕ್ಕ.