ಕಮಟು ಕೊಬ್ಬಿನ ಹಮಾಲ

ಸೊಸೆಯ ಪ್ರಯೋಗಾಲಯದಲ್ಲಿ ಆ ಪ್ರೋಟೀನಿಗೆ ಹಮಾಲ ಎಂದೇ ಹೆಸರು. ಜೀವಕೋಶದ ಪೊರೆಯಲ್ಲಿರುವ ಕೊಬ್ಬು ಆಕ್ಸಿಜನ್ ತಗುಲಿ ಕೆಟ್ಟರೆ, ಈ ಹಮಾಲ ಅದನ್ನು ಮಡಿಲಲ್ಲಿ ಮುಚ್ಚಿಟ್ಟುಕೊಂಡು, ನಡುವಿನ ನೀರು ದಾಟಿಸಿ, ಇನ್ನೊಂದು ಪೊರೆಗೆ ಇಳಿಸಿ ಬರುತ್ತಾನೆ. ಒಳ್ಳೆಯ ಕೊಬ್ಬನ್ನು ಮುಟ್ಟುವುದಿಲ್ಲ. ಈ ಕೊನೆಯ ಮಾತೇ ಸೊಸೆಯ ಮೂರು ವರ್ಷದ ದುಡಿಮೆ. ಉಳಿದದ್ದನ್ನು ಬೇರೆಯವರು ಆಗಲೇ ಹೇಳಿ ಮುಗಿಸಿದ್ದರು.

ಪರೀಕ್ಷೆ ಸರಳ. ಕೊಬ್ಬಿನ ಪುಟ್ಟ ಗುಳ್ಳೆಗಳ ಎರಡು ತಂಡ, ಒಂದು ಕೊಡುವುದು, ಇನ್ನೊಂದು ಪಡೆಯುವುದು. ಕೊಬ್ಬು ಆಚೆ ತಲುಪಿದರೆ ಯಂತ್ರದ ಪರದೆಯಲ್ಲಿ ಗೆರೆ ಮೇಲೇರುತ್ತದೆ. ಕೆಟ್ಟ ಕೊಬ್ಬಿಗೆ ಏರಬೇಕು, ಒಳ್ಳೆಯದಕ್ಕೆ ತೆಪ್ಪಗೆ ಮಲಗಿರಬೇಕು. ಸೋಮವಾರ ಎರಡೂ ಏರಿದವು. ಒಳ್ಳೆಯದರ ಗೆರೆ ತುಸು ನಿಧಾನವಾಗಿ, ಅಷ್ಟೆ.

"ನಿಮ್ಮ ಹಮಾಲನಿಗೆ ಆಯ್ಕೆ ಅನ್ನೋದೇ ಇಲ್ಲಮ್ಮ. ಸಿಕ್ಕಿದ್ದೆಲ್ಲ ಹೊರ್ತಾನೆ" ಎಂದರು ಗೈಡ್. ಶುಕ್ರವಾರದೊಳಗೆ ಸರಿಹೋಗದಿದ್ದರೆ ಪ್ರಬಂಧದಿಂದ ಆ ಅಧ್ಯಾಯ ತೆಗೆಯಬೇಕು. ಅದನ್ನು ತೆಗೆದರೆ ಉಳಿಯುವುದು ರಟ್ಟು ಮಾತ್ರ.

ಮನೆಯಲ್ಲಿ ಮಾವ. ಎಣ್ಣೆ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಮೂಗಿನ ನೌಕರಿ: ಮೂಸಿ ನೋಡಿ, ಇದು ಹೋಗಲಿ, ಇದು ಬೇಡ ಎನ್ನುವುದು. ನಿವೃತ್ತಿಯಾದ ಮೇಲೂ ಮೂಗಿಗೆ ರಜೆ ಕೊಟ್ಟವರಲ್ಲ. ಅಡುಗೆಮನೆಯ ಡಬ್ಬಿಗಳೆಲ್ಲ ಬೆಳಿಗ್ಗೆ ಅವರ ಮುಂದೆ ಹಾಜರಿ ಹಾಕುತ್ತವೆ. ಸಂಜೆ ಸೊಸೆ ವಿಷಯ ಹೇಳಿದಾಗ ಗಂಡ, ಇನ್ನೊಂದು ಸಲ ಮಾಡಿ ನೋಡು ಎಂದು ಗಂಡಂದಿರು ಹೇಳುವುದನ್ನೇ ಹೇಳಿದ. ಮಾವ ಸಮಾಧಾನದ ತಂಟೆಗೆ ಹೋಗಲಿಲ್ಲ.

"ಒಳ್ಳೇದು ಅಂತೀಯಲ್ಲ, ಅದರ ಬಾಟ್ಲಿ ಎಷ್ಟು ಸಲ ತೆಗೆದಿದ್ದೀಯಮ್ಮ?"

"ದಿನಾ ಒಂದ್ಸಲ, ಮಾವ. ತಿಂಗಳಿಂದ ಅದೇ ಬಾಟ್ಲಿ. ಆದ್ರೆ ಫ್ರೀಜರಲ್ಲೇ ಇಡೋದು. ಮುಚ್ಚೋಕೆ ಮುಂಚೆ ಒಳಗಿನ ಗಾಳಿ ಹೋಗ್ಲಿ ಅಂತ ನೈಟ್ರೋಜನ್ನೂ ಬಿಡ್ತೀನಿ."

"ನಮ್ಮಲ್ಲಿ ಮಾದರಿ ಎಣ್ಣೆನ ಮೊದಲ್ನೇ ದಿನವೇ ಸಣ್ಣ ಸಣ್ಣ ಶೀಶೆಗೆ ಹಂಚಿಡ್ತಿದ್ವಿ. ಒಂದು ತೆಗೆದ್ರೆ ಅವತ್ತಿಗೆ ಅದರ ಕಥೆ ಮುಗೀತು. ಚೀಟಿ ಮೇಲೆ 'ಒಳ್ಳೇದು' ಅಂತ ಬರ್ದಿದ್ರೆ, ಎಣ್ಣೆಗೇನು ಓದೋಕೆ ಬರುತ್ತಾ?"

ಸೊಸೆಗೆ ಫ್ರೀಜರಿನ ಬಾಗಿಲು ಕಣ್ಣಿಗೆ ಕಟ್ಟಿತು. ಅಲ್ಲಿ ಗೈಡ್ ಕೈಬರಹದ ಚೀಟಿ: 'ತೆರೆದದ್ದು ಮುಗಿಯದೆ ಹೊಸದು ತೆರೆಯಬಾರದು.' ಹನ್ನೆರಡು ವರ್ಷದಿಂದ ಎಲ್ಲರೂ ಶ್ರದ್ಧೆಯಿಂದ ಪಾಲಿಸಿದ್ದ ಆಜ್ಞೆ.

ಮಂಗಳವಾರ ಅವಳು 'ಒಳ್ಳೆಯ' ಬಾಟ್ಲಿಯಿಂದ ಒಂದು ತೊಟ್ಟು ತೆಗೆದು, ಕೆಟ್ಟ ಕೊಬ್ಬಿದ್ದರೆ ಹಳದಿಯಾಗುವ ದ್ರಾವಣಕ್ಕೆ ಬಿಟ್ಟಳು. ಸಲೀಸಾಗಿ ಹಳದಿಯಾಯಿತು. ಆಜ್ಞೆ ಮೀರಿ ಹೊಸದನ್ನು ತೆರೆದು, ಅಲ್ಲೇ ಪುಟ್ಟ ಶೀಶೆಗಳಿಗೆ ಹಂಚಿ, ಗಾಳಿ ಹೋಗದಂತೆ ಮುಚ್ಚಿದಳು. ಬುಧವಾರ ಒಮ್ಮೆ, ಗುರುವಾರ ಎರಡು ಸಲ ಪರೀಕ್ಷೆ. ಮೂರೂ ಸಲ ಕೆಟ್ಟದ್ದರ ಗೆರೆ ಏರಿತು, ಒಳ್ಳೆಯದರದು ಕದಲಲಿಲ್ಲ.

ಗೈಡ್ ಮೂರೂ ಹಾಳೆಗಳನ್ನು ತಿರುವಿ ಹಾಕಿ, ಬಾಟ್ಲಿಯ ಮೇಲೆ ಅನುಮಾನ ಬಂದದ್ದು ಯಾರಿಗೆ ಎಂದು ಕೇಳಿದರು.

"ನಮ್ಮ ಮಾವನಿಗೆ, ಸರ್."

"ಯಾವ ವಿಭಾಗದಲ್ಲಿದಾರೆ?"

"ವಾಸನೆ, ಸರ್."

ಗೈಡ್ ನಗಲಿಲ್ಲ. ಎದ್ದುಹೋಗಿ ಫ್ರೀಜರಿನ ಚೀಟಿಯನ್ನು ತಾವೇ ಕಿತ್ತು ಜೇಬಿಗೆ ಹಾಕಿಕೊಂಡರು. ಅಧ್ಯಾಯ ಉಳಿಯಿತು.

ಸುದ್ದಿ ಕೇಳಿ ಮಾವ ಅಚ್ಚರಿಪಡಲಿಲ್ಲ. ಅವರಿಗೆ ಹಿಡಿಸಿದ್ದು ಒಂದೇ ಸಂಗತಿ: ಬಾಟ್ಲಿ ಕಮಟಾಗಿದೆ ಎಂದು ಪ್ರಯೋಗಾಲಯದಲ್ಲಿ ಎಲ್ಲರಿಗಿಂತ ಮೊದಲು, ಸೋಮವಾರವೇ, ಗೊತ್ತಾದದ್ದು ಹಮಾಲನಿಗೆ.

"ಕೆಲಸಗಾರ ಕಣಮ್ಮ ಅವನು" ಎಂದರು. "ನಮ್ಮ ಕಾರ್ಖಾನೆಗೆ ತಗೋಬಹುದಿತ್ತು."