ಕೆಳಮನೆಯಿಂದ ಮೇಲ್ಮನೆಗೆ ಒಂದು ನೋಟ್ ವರ್ಬಾಲ್

ತಂಗಿ ತಾನಾಗಿ ಬಾಯಿಬಿಡುವ ತನಕ ಅವಳೊಂದಿಗೆ ಒಂದು ಮಾತೂ ಆಡುವುದಿಲ್ಲವೆಂದು ಅಕ್ಕ ಆಣೆ ಮಾಡಿ ಒಂಬತ್ತು ವರ್ಷವಾಗಿತ್ತು. ಕಾರಣ, ಒಂದು ಇಸ್ತ್ರಿಪೆಟ್ಟಿಗೆ. ಎರವಲು ಒಯ್ದ ತಂಗಿ ಅದರ ತಳ ಸುಟ್ಟು ತಂದಿಟ್ಟು, "ಕೊಟ್ಟಾಗ್ಲೇ ಹೀಗಿತ್ತು" ಎಂದಿದ್ದಳು. ಅಕ್ಕ ಕೆಳಮನೆ, ತಂಗಿ ಮೇಲ್ಮನೆ. ನಡುವೆ ಹದಿನಾರು ಮೆಟ್ಟಿಲು. ಮೇಲಿನ ಹೊಲಿಗೆ ಯಂತ್ರದ ಸದ್ದು ಒಂದು ದಿನ ಕೇಳದಿದ್ದರೆ ಅಕ್ಕನಿಗೆ ಊಟ ಸೇರುತ್ತಿರಲಿಲ್ಲ. ಆದರೂ ಆಣೆ ಆಣೆಯೇ.

ಈಗ ಮೇಲ್ಮನೆಯ ಬಚ್ಚಲ ನೀರು ಕೆಳಮನೆಯ ಮಂಚಕ್ಕೆ, ಸರಿಯಾಗಿ ಅಕ್ಕನ ದಿಂಬಿಗೇ, ತೊಟ್ಟಿಕ್ಕತೊಡಗಿತು.

"ಹೋಗಿ ಹೇಳ್ಬಾರ್ದೇನೇ?" ಎಂದ ಗಂಡ.

"ಆಣೆ ಇದೆ. ನೀವೇ ಹೇಳಿ."

"ಕೋಣಗಳ ಕಾದಾಟದಲ್ಲಿ ಗಿಡ ಆಗೋಕೆ ನಾನು ತಯಾರಿಲ್ಲ."

"ಕೋಣ ಯಾರ್ರೀ?"

ಗಂಡ ಪೇಪರಿನೊಳಗೆ ತಲೆ ಹುದುಗಿಸಿದ.

ಅಕ್ಕ ರಾಯಭಾರ ಕಚೇರಿಯಲ್ಲಿ ಇಪ್ಪತ್ತು ವರ್ಷದಿಂದ ಟೈಪಿಸ್ಟ್. ಅಲ್ಲಿಂದ ಇನ್ನೊಂದು ಸರಕಾರಕ್ಕೆ ಹೋಗುವ ಪತ್ರಕ್ಕೆ ನೋಟ್ ವರ್ಬಾಲ್ ಎನ್ನುತ್ತಾರೆ. ಫ್ರೆಂಚರ ಮಾತು. ಹೆಸರಿಗೆ ಬಾಯಿಮಾತಿನ ಟಿಪ್ಪಣಿ, ಇರುವುದೆಲ್ಲ ಬರಹ. ನಾನು ನೀನು ಎನ್ನುವಂತಿಲ್ಲ, ರುಜುವೂ ಇಲ್ಲ. ಯಾರೂ ಯಾರನ್ನೂ ಮಾತಾಡಿಸದೆ ಬೈದು ಮುಗಿಸಬಹುದು. ಆಣೆಗೂ ಮುಕ್ಕಿಲ್ಲ, ದಿಂಬೂ ಒಣಗೀತು!

ಅಕ್ಕ ಟೈಪು ಮಾಡಿದಳು: "ಕೆಳಮನೆಯು ಮೇಲ್ಮನೆಗೆ ಗೌರವ ಸಲ್ಲಿಸುತ್ತಾ, ಮೇಲ್ಮನೆಯ ಬಚ್ಚಲು ಸೋರುತಿದೆ ಎಂಬುದನ್ನು ಗಮನಕ್ಕೆ ತರಬಯಸುತ್ತದೆ. ತನ್ನ ಅತ್ಯುನ್ನತ ಆದರವನ್ನು ಮತ್ತೊಮ್ಮೆ ತಿಳಿಸಲು ಈ ಸಂದರ್ಭವನ್ನು ಬಳಸಿಕೊಳ್ಳುತ್ತದೆ."

"ಆದರ ಗೀದರ ಯಾಕೆ?"

"ಅದಿಲ್ದಿದ್ರೆ ಯುದ್ಧ ಅಂತ ಅರ್ಥ ರೀ. ತಗೊಂಡ್ಹೋಗಿ."

ಗಂಡ ಅದನ್ನು ಮೇಲ್ಮನೆಯ ಬಾಗಿಲಡಿ ತೂರಿಸಿ ಓಡಿಬಂದ. ಅರ್ಧ ಗಂಟೆಯಲ್ಲಿ ರವಿಕೆ ಅಳತೆಯ ಚೀಟಿಯ ಬೆನ್ನಿಗೆ ಬರೆದ ಉತ್ತರ ಇವರ ಬಾಗಿಲಡಿ ನುಸುಳಿತು:

"ಮೇಲ್ಮನೆಯು ಕೆಳಮನೆಯ ಟಿಪ್ಪಣಿಯನ್ನು ಸ್ವೀಕರಿಸಿದೆ. ನಲ್ಲಿ ರಿಪೇರಿಯವನು ನಾಳೆ ಬರುತ್ತಾನೆ. ಆದರೆ 'ಸೋರುತಿದೆ' ಎಂಬಲ್ಲಿ ಒತ್ತಕ್ಷರ ಬಿಟ್ಟುಹೋಗಿರುವುದಕ್ಕೆ ಮೇಲ್ಮನೆಯು ತೀವ್ರ ವಿಷಾದ ವ್ಯಕ್ತಪಡಿಸುತ್ತದೆ."

ಅಕ್ಕ ಕನ್ನಡಕ ಏರಿಸಿ ತನ್ನ ನಕಲು ಪ್ರತಿ ನೋಡಿದಳು. ಒತ್ತು ಇರಲಿಲ್ಲ. ಇಪ್ಪತ್ತು ವರ್ಷ! ದೇಶದೇಶಗಳ ನಡುವೆ ಒಂದು ಅಕ್ಷರವನ್ನೂ ತಪ್ಪಿಸದ ಕೈ! ಅದೂ ಯಾರು ಹೇಳುವುದು, ಶಾಲೆಯಲ್ಲಿ ಇವಳ ಹಳೇ ನೋಟ್ಸೇ ಕಾಪಿ ಹೊಡೆದು ಪಾಸಾದವಳು!

ಗಂಡ "ಎಲ್ಲಿಗೆ?" ಎನ್ನುವಷ್ಟರಲ್ಲಿ ಹದಿನಾರು ಮೆಟ್ಟಿಲೂ ಮುಗಿದಿದ್ದವು. ಬಾಗಿಲು ತೆರೆದೇ ಇತ್ತು. ತಂಗಿ ಕೊರಳಿಗೆ ಅಳತೆಪಟ್ಟಿ ಹಾಕಿಕೊಂಡು, ತುಟಿ ಬಿಗಿಹಿಡಿದು ನಿಂತಿದ್ದಳು.

"ಬೇಕಂತ್ಲೇ ಬಿಟ್ಟಿದ್ದು ಕಣೇ, ಕತ್ತೆ! ಕವಿಗಳೆಲ್ಲ ಹಾಗೇ ಬರಿಯೋದು!"

"ಒಳಗ್ ಬಾರೇ ಅಕ್ಕಾ," ಎಂದಳು ತಂಗಿ.

ಮೊದಲು ಮಾತಾಡಿದ್ದು ಅಕ್ಕನೇ. ಆಣೆ ಮುರಿಯಿತು.