ಗದಿಗೆಮ್ಮನ ಎಂಟು ಫೋಟೊ

ಗದಿಗೆಮ್ಮ ಐದೂವರೆಗೆ ಎದ್ದು ರೊಟ್ಟಿ ಬಡಿಯಲು ಕೂರುತ್ತಿದ್ದಳು. ಮೂರು ಇಟ್ಟಂಗಿಯ ಒಲೆ, ಸೈಟಿನಿಂದ ಆರಿಸಿ ತಂದ ಹಲಗೆಯ ಚೂರುಗಳ ಬೆಂಕಿ. ಏಳಕ್ಕೆ ಗೇಟಿನಲ್ಲಿರಬೇಕು. ಹೈದರಾಬಾದಿನ ಮಿಯಾಪುರದ ಮೆಟ್ರೊ ನಿಲ್ದಾಣದ ಹಿಂದೆ ದೊಡ್ಡ ಅಪಾರ್ಟ್‌ಮೆಂಟೊಂದು ಏಳುತ್ತಿತ್ತು. ಅದರ ಕೂಲಿಕಾರರಿಗೆಂದು ಹಾಕಿದ ತಗಡಿನ ಶೆಡ್ಡುಗಳಲ್ಲಿ ಮೂರನೆಯದು ಇವರದು. ಒಳಗೆ ನಾಲ್ವರು: ಗದಿಗೆಮ್ಮ, ಗಂಡ ಗುರುಶಾಂತ, ಮಾವ ದ್ಯಾವಪ್ಪ, ನಾದಿನಿ ಭಾಗ್ಯಶ್ರೀ.

ಗೇಟಿನಲ್ಲಿ ಗುರುಶಾಂತ ಕೊರಳಿಗೆ ನೇತುಹಾಕಿದ ಕಾರ್ಡು ತೋರಿಸುತ್ತಿದ್ದ. ಗದಿಗೆಮ್ಮ ಅವನ ಬೆನ್ನಿಗೆ ನಡೆಯುತ್ತಿದ್ದಳು. ವಾಚ್‌ಮನ್ "ಜೋಡಿ" ಎಂದು ಕೂಗಿದರೆ ಮೇಸ್ತ್ರಿ ಅಮರೇಶಪ್ಪ ಪುಸ್ತಕದಲ್ಲಿ ಗುರುಶಾಂತನ ಹೆಸರಿನ ಮುಂದೆ ಒಂದು ಗೀಟು ಎಳೆಯುತ್ತಿದ್ದ. ಇಬ್ಬರಿಗೂ ಅದೊಂದೇ ಗೀಟು.

ಯಾದಗಿರಿ, ರಾಯಚೂರು ಕಡೆಯಿಂದ ಬಂದವರಿಗೆ ಇದು ಹೊಸದಲ್ಲ. ಜೋಡಿಗೆ ಶೆಡ್ಡು ಸಿಗುತ್ತದೆ, ಒಂಟಿಗೆ ಸಿಗುವುದಿಲ್ಲ. ಗಂಡನ ಹೆಸರು ಬರೆದರೆ ಹೆಂಡತಿ ಅದರೊಳಗೇ ಬಂದಂತೆ. ಈ ಪದ್ಧತಿಯನ್ನು ಯಾರೂ ಎಲ್ಲಿಯೂ ಬರೆದಿಟ್ಟಿಲ್ಲ. ಅದಕ್ಕೇ ಅದನ್ನು ಅಳಿಸುವುದು ಕಷ್ಟ.

ಭಾಗ್ಯಶ್ರೀ ಪಿಯುಸಿ ಮುಗಿಸಿ ಊರಿಂದ ಬಂದು ಎರಡು ತಿಂಗಳಾಗಿತ್ತು. ಕೆಲಸ ಕೇಳಿಕೊಂಡು ದಿಲ್‌ಸುಖ್‌ನಗರದ ಬಟ್ಟೆ ಅಂಗಡಿಗಳಿಗೆಲ್ಲ ಹೋಗಿದ್ದಳು. ತೆಲುಗು ಬರುವುದಿಲ್ಲವೆಂದು ಕಳಿಸಿಬಿಟ್ಟಿದ್ದರು. ಒಂದು ದಿನ ಗೇಟಿನ ಮೇಲೆ ಅಂಟಿಸಿದ್ದ ಹಿಂದಿ ಚೀಟಿ ಅವಳ ಕಣ್ಣಿಗೆ ಬಿತ್ತು. ಭಾನುವಾರ ಕಾರ್ಮಿಕ ಕಚೇರಿಯವರು ಸೈಟಿಗೇ ಬಂದು ಹೆಸರು ನೋಂದಾಯಿಸುತ್ತಾರೆ, ಗಂಡಸರದೂ ಹೆಂಗಸರದೂ. ಆ ಕಚೇರಿಯನ್ನು ಹುಡುಕಿಕೊಂಡು ಹೋಗಿ ಅವಳು ಒಂದು ಅರ್ಜಿ ತಂದಳು.

"ವೈನಿ, ನಿನ್ನ ಹೆಸರಿಲೇ ಕಾರ್ಡ್ ಕೊಡ್ತಾರ. ನಾಳೆ ಏನರೆ ಹೆಚ್ಚುಕಮ್ಮಿ ಆದ್ರ, ಈಕಿ ಇಲ್ಲಿ ದುಡೀತಿದ್ಲು ಅನ್ನಾಕ ಒಂದು ಕಾಗದ ಇರ್ತೈತಿ."

"ಹೆಚ್ಚುಕಮ್ಮಿ ಮಾತು ಬೆಳಬೆಳಗ್ಗೆ ಯಾಕ ತೆಗೀತಿ?" ಎಂದು ಗದಿಗೆಮ್ಮ ನಕ್ಕಳು. ಆದರೂ ಸಂಜೆ ತಲೆ ಬಾಚಿಕೊಂಡು ನಾದಿನಿಯ ಹಿಂದೆ ಸ್ಟುಡಿಯೊಗೆ ಹೋದಳು. ಒಂದು ಹಾಳೆಯಲ್ಲಿ ಎಂಟು ಫೋಟೊ ಬಂದವು. ಅವಳೊಬ್ಬಳೇ ಇರುವ ಫೋಟೊ ಅವಳು ನೋಡಿದ್ದು ಅದೇ ಮೊದಲು.

"ಅಯ್ಯ, ಇಷ್ಟು ಮಂದಿ ಗದಿಗೆಮ್ಮಂದಿರಾ! ಒಬ್ಬಾಕಿ ರೊಟ್ಟಿ ಬಡೀಲಿ, ಒಬ್ಬಾಕಿ ಇಟ್ಟಂಗಿ ಹೊರಲಿ. ನಾ ಮಕ್ಕೊಂತೀನಿ."

ದ್ಯಾವಪ್ಪ ನಗಲಿಲ್ಲ.

"ಹೆಣಮಗಳ ಫೋಟೊ ಆಫೀಸಿನ್ಯಾಗ ಹತ್ತು ಗಂಡಸರ ಕೈಯಾಗ ತಿರುಗಬೇಕೇನು? ನಿಮ್ಮವ್ವ ಪುಣೆದಾಗ ಹದಿನಾಕು ವರ್ಷ ನನ್ನ ಜೋಡಿ ದುಡದ್ಲು. ಒಂದಿನಾನರೆ ನನ್ನ ಹೆಸರು ಬರೀರಿ ಅಂದಿದ್ಲೇನು?"

"ಅನ್ನಲಿಲ್ಲ ಅಪ್ಪಾ. ಅದಕ್ಕ ಆಕಿ ಸೊಂಟ ಮುರದಾಗ ಯಾರೂ ತಿರುಗಿ ನೋಡಲಿಲ್ಲ."

"ಬಾಯಿ ಭಾಳ ಆತು ನಿಂದು. ಕಾಲೇಜಿಗೆ ಕಳಿಸಿದ್ದು ನನ್ನ ತಪ್ಪು."

ಗುರುಶಾಂತ ತಂದೆಯ ಕಡೆಗೇ ವಾಲಿದ. "ಹೆಂಗಸರ ಹೆಸರು ಬರಸಿದವ್ರನ್ನ ಮುಂದಿನ ಸೈಟಿಗೆ ಕರಿಯಂಗಿಲ್ಲ ಅಂದಾನ ಅಮರೇಶಪ್ಪ ಕಾಕಾ. ಶೆಡ್ಡು ಹೋದ್ರ ಎಲ್ಲಿರೂದು?"

"ಕಾಯ್ದೆದಾಗ ಆಕೀನೂ ಕೂಲಿಕಾರಳ, ನೀನೂ ಕೂಲಿಕಾರನ. ಆಕಿ ನಿನ್ನ ನೆರಳಲ್ಲ ಅಣ್ಣಾ."

"ಕಾಯ್ದೆ ಬಂದು ಶೆಡ್ಡು ಕೊಡ್ತೈತೇನು?"

ಭಾನುವಾರ ಕಚೇರಿಯವರು ಬಂದು ಗೇಟಿನ ಬಳಿ ಮೇಜು ಹಾಕಿದರು. ಅರ್ಜಿಯನ್ನೂ ಫೋಟೊಗಳನ್ನೂ ದ್ಯಾವಪ್ಪ ಟ್ರಂಕಿನೊಳಗೆ ಇಟ್ಟಿದ್ದ. ಹತ್ತರಿಂದ ಒಂದರವರೆಗೆ ಅವನು ಆ ಟ್ರಂಕಿನ ಮೇಲಿಂದ ಏಳಲಿಲ್ಲ. ಚಹಾವನ್ನೂ ಅಲ್ಲಿಯೇ ಕುಡಿದ. ಗದಿಗೆಮ್ಮ ಬಟ್ಟೆ ಒಗೆಯಲು ಹೋದಳು. "ಇರಲಿ ಬಿಡ, ಇನ್ನೊಮ್ಮಿ ಬರ್ತಾರಲ್ಲ" ಎಂದು ನಾದಿನಿಗೇ ಸಮಾಧಾನ ಹೇಳಿದಳು.

ಹನ್ನೆರಡು ದಿನಗಳ ಮೇಲೆ, ಬೆಳಿಗ್ಗೆ ಹನ್ನೊಂದರ ಹೊತ್ತಿಗೆ, ಒಂಬತ್ತನೆಯ ಮಹಡಿಯಲ್ಲಿ ಗದಿಗೆಮ್ಮ ಕಸ ಗುಡಿಸುತ್ತಿದ್ದಳು. ಲಿಫ್ಟಿಗೆಂದು ಬಿಟ್ಟ ಬಾವಿಯಂಥ ಜಾಗಕ್ಕೆ ತೆಳು ಪ್ಲೈವುಡ್ ಮುಚ್ಚಿದ್ದರು; ಮೇಲೆ ಸಿಮೆಂಟಿನ ಧೂಳು ಕೂತಿತ್ತು. ಅವಳು ಅದರ ಮೇಲೆ ಕಾಲಿಟ್ಟಳು. ಆಂಬುಲೆನ್ಸ್ ಬರುವ ಮೊದಲೇ ಎಲ್ಲ ಮುಗಿದಿತ್ತು. ಅವಳಿಗೆ ಇಪ್ಪತ್ತೊಂದು ವರ್ಷ.

ಪೊಲೀಸರು ಬಂದಾಗ ಕಂಪನಿಯ ಸೂಪರ್‌ವೈಸರ್ ಹಿಂದಿಯಲ್ಲಿ ಹೇಳಿದ: ಈಕೆ ನಮ್ಮ ಕೆಲಸದವಳಲ್ಲ, ಗಂಡನಿಗೆ ಬುತ್ತಿ ಕೊಡಲು ಬಂದಿದ್ದಳು. ಭಾಗ್ಯಶ್ರೀ ಅದನ್ನು ಕನ್ನಡಕ್ಕೆ ತಿರುಗಿಸಿ ಹೇಳುತ್ತಲೇ ದ್ಯಾವಪ್ಪ ಅಮರೇಶಪ್ಪನ ಪುಸ್ತಕಕ್ಕೆ ಕೈ ಹಾಕಿದ.

"ಎಂಟು ತಿಂಗಳು ಇಟ್ಟಂಗಿ ಹೊತ್ತಾಳ ನನ್ನ ಸೊಸಿ. ದಿನಾ ಗೀಟು ಹಾಕಿಯಲ್ಲೋ, ತೋರಸು."

ಅಮರೇಶಪ್ಪ ನೆಲ ನೋಡಿದ. "ಗೀಟು ಗುರುಶಾಂತಂದು, ದ್ಯಾವಪ್ಪಣ್ಣಾ. ಬರಸೂದು ಬ್ಯಾಡ ಅಂದವ್ರು ನೀವ ಅಲ್ಲೇನು?"

ದ್ಯಾವಪ್ಪನಿಗೆ ಓದು ಬಾರದು. ಪುಟದ ಮೇಲೆ ಬೆರಳಾಡಿಸುತ್ತ ಮಗಳನ್ನು ಕೇಳಿದ, "ಇದರಾಗ ಗದಿಗೆಮ್ಮ ಎಲ್ಲಿ ಅದಾಳವಾ?"

"ಎಲ್ಲೂ ಇಲ್ಲ ಅಪ್ಪಾ."

ಆಸ್ಪತ್ರೆಯ ಶವಾಗಾರದಲ್ಲಿ ಗುಮಾಸ್ತ ಫೋಟೊ ಕೇಳಿದ. ಭಾಗ್ಯಶ್ರೀ ಶೆಡ್ಡಿಗೆ ಹೋಗಿ ಟ್ರಂಕು ತೆಗೆದು ಹಾಳೆ ತಂದಳು. ಅವನು ಒಂದನ್ನು ಕತ್ತರಿಸಿ ಅಂಟಿಸಿ, ಪಕ್ಕದಲ್ಲಿ ಹೆಸರು ಬರೆದ. ಹೈದರಾಬಾದಿನಲ್ಲಿ ಗದಿಗೆಮ್ಮನ ಹೆಸರನ್ನು ಯಾರಾದರೂ ಬರೆದದ್ದು ಅದೇ ಮೊದಲು. ಉದ್ಯೋಗ ಎಂದಿದ್ದಲ್ಲಿ 'ಗೃಹಿಣಿ' ಎಂದು ಬರೆದ.

"ಕೂಲಿ ಅಂತ ಬರೀರಿ" ಎಂದು ಭಾಗ್ಯಶ್ರೀ ಹಿಂದಿಯಲ್ಲಿ ಹೇಳಿದಳು.

"ಪ್ರೂಫ್ ಉಂದಾ ಅಮ್ಮಾ?" ಅವನು ತಲೆ ಎತ್ತದೆ ಕೇಳಿದ. ಅಷ್ಟು ತೆಲುಗು ಅವಳಿಗೂ ಅರ್ಥವಾಯಿತು.

ಊರಲ್ಲಿ ಮಣ್ಣು ಮಾಡಿ, ದಿನಕರ್ಮ ಮುಗಿಸಿ ಬಂದ ಮರುದಿನವೇ ಅಮರೇಶಪ್ಪ ಶೆಡ್ಡಿನ ಬಾಗಿಲಿಗೆ ಬಂದ. "ಜೋಡಿ ಮುರೀತು ನಿಮ್ಮದು. ಶೆಡ್ಡು ಉಳೀಬೇಕಂದ್ರ ಭಾಗ್ಯಾನ್ನ ಕೂಡಸ್ರಿ. ತಂಗಿ ಆದ್ರೇನು, ಗೇಟಿನ್ಯಾಗ ಯಾರು ಕೇಳ್ತಾರ?"

ಬೆಳಿಗ್ಗೆ ಭಾಗ್ಯಶ್ರೀಯೇ ರೊಟ್ಟಿ ಬಡಿದು, ಅಣ್ಣನ ಹಿಂದೆ ಗೇಟಿಗೆ ನಡೆದಳು. ವಾಚ್‌ಮನ್ ರೂಢಿಯಂತೆ "ಜೋಡಿ" ಎಂದ. ಅವಳು ಅಲ್ಲೇ ನಿಂತಳು.

"ಜೋಡಿ ಅಲ್ಲ. ಭಾಗ್ಯಶ್ರೀ. ಬೇರೆ ಸಾಲಿನ್ಯಾಗ ಬರೀರಿ."

"ಹಂಗೆಲ್ಲ ಬರಿಯಾಕ ಬರಂಗಿಲ್ಲವಾ" ಎಂದ ಅಮರೇಶಪ್ಪ.

"ಹಂಗಾರ ನನಗೂ ಒಳಗ ಬರಾಕ ಬರಂಗಿಲ್ಲ."

"ಸಂಜೀಕ ಶೆಡ್ಡು ಖಾಲಿ ಮಾಡ್ರಿ ಮತ್ತ."

ಹಿಂದೆ ನಿಂತಿದ್ದ ಹೆಂಗಸರು ಗಂಡಂದಿರ ಬೆನ್ನಿಗೆ ಒಳಗೆ ಹೋದರು. ಒಬ್ಬಾಕೆ ಮಾತ್ರ ಹಾಯುವಾಗ ಮೆಲ್ಲಗೆ ಕೇಳಿದಳು: "ಆ ಫೋಟೊ ಅಂಗಡಿ ಎಲ್ಲೈತಿ?" ಗುರುಶಾಂತ ಕಾರ್ಡನ್ನು ಕೈಯಲ್ಲಿ ಹಿಡಿದು, ಒಳಗೂ ಹೋಗದೆ ಹೊರಗೂ ಬಾರದೆ ನಿಂತಿದ್ದ.

ಶೆಡ್ಡಿನ ಕಡೆಯಿಂದ ದ್ಯಾವಪ್ಪ ಬರುತ್ತಿದ್ದ. ತಲೆಯ ಮೇಲೆ ಟ್ರಂಕು. ಸಂಜೆಯವರೆಗೆ ಅವನು ಕಾಯಲಿಲ್ಲ. ಮಗಳ ಮುಂದೆ ಬಂದು ನಿಂತು, ಅವಳ ಮುಖ ನೋಡಲಾರದೆ, ರಸ್ತೆ ನೋಡುತ್ತ ಹೇಳಿದ:

"ಆ ಹೆಸರು ಬರಸೂ ಆಫೀಸು ಎಲ್ಲೈತಿ, ನಡಿ. ಫೋಟೊ ಇನ್ನಾ ಏಳು ಅದಾವ."